ಮನೆಮಾತು: ಕ್ರಿಸ್ಮಸ್ಸಿನ ತಟ್ಟೆಗೆ ಏನಿಡೋಣ?

ದೀಪಾವಳಿಯ ಫರಾಳದ ಡಬ್ಬಿಗಳು ಇನ್ನೂ ಪೂರ್ತಿ ಬರಿದಾಗಿಲ್ಲ. ಅಷ್ಟರಲ್ಲೇ ಬೀದಿಯ ಅಂಗಡಿಗಳಲ್ಲಿ ಆಕಾಶಬುಟ್ಟಿಗಳು ಕೆಳಗಿಳಿದು ನಕ್ಷತ್ರಗಳು ಮೇಲೇರಿವೆ. ಕೆಂಪು ಟೊಪ್ಪಿಗೆ, ಬಿಳಿಯ ಗಡ್ಡ, ಹಸಿರು ಪ್ಲಾಸ್ಟಿಕ್ ಮರ, ಬಂಗಾರದ ಬಣ್ಣದ ಗಂಟೆ. ಪೇಟೆಗೆ ಬಂದ ಮಕ್ಕಳ ಕಣ್ಣು ಅತ್ತ ಹೋಗುತ್ತದೆ, ತಾಯಿತಂದೆಯರ ಕೈ ಕಿಸೆಗೆ ಹೋಗುತ್ತದೆ.

“ಕ್ರಿಸ್ಮಸ್ ನಮ್ಮ ಹಬ್ಬವಲ್ಲವಲ್ಲ, ನಮಗೇಕೆ ಆ ಖರ್ಚಿನ ಮಾತು?” ಎಂದು ಕೆಲವರು ಕೇಳಿಯಾರು. ಊರಿನಲ್ಲಿದ್ದಿದ್ದರೆ ಹಾಗೆ ಕೇಳಬಹುದಿತ್ತೇನೊ. ಮುಂಬಯಿಯಂಥ ಊರಿನಲ್ಲಿ ಒಂದೇ ಮೆಟ್ಟಿಲು, ಒಂದೇ ನೀರಿನ ಟಾಕಿ ಹಂಚಿಕೊಂಡು ಬಾಳುವವರಿಗೆ ನೆರೆಯವರ ಹಬ್ಬ ಪರರ ಹಬ್ಬವಾಗಿ ಉಳಿಯುವುದಿಲ್ಲ. ನಮ್ಮ ಸಂಘದ ಸದಸ್ಯರಲ್ಲೇ ಕರಾವಳಿಯಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ. ಅವರಿಗೆ ಇದು ವರ್ಷದ ದೊಡ್ಡ ಹಬ್ಬ. ಉಳಿದವರ ಮನೆಗೂ ಮಕ್ಕಳ ಶಾಲೆಯಿಂದ, ಯಜಮಾನರ ಕಚೇರಿಯಿಂದ, ಎದುರು ಬಾಗಿಲಿನಿಂದ ಹಬ್ಬ ತಾನಾಗಿ ಬರುತ್ತದೆ. ಬಂದ ಹಬ್ಬವನ್ನು ನಗುಮುಖದಿಂದ ಬರಮಾಡಿಕೊಳ್ಳುವುದೇ ಸರಿ. ಕೊಳ್ಳುವ ಕೈಯನ್ನು ಮಾತ್ರ ತುಸು ಹಿಡಿಯೋಣ ಎಂಬುದು ಈ ಸಲದ ನಮ್ಮ ಮಾತು. ಉಪದೇಶವೆಂದು ತಿಳಿಯಬೇಡಿ, ಪೆಟ್ಟು ತಿಂದವರ ಅನುಭವವೆಂದು ತಿಳಿಯಿರಿ.

ನಮ್ಮ ಎದುರು ಮನೆಯಲ್ಲಿ ಮಂಗಳೂರು ಕಡೆಯ ಹಿರಿಯ ಹೆಂಗಸೊಬ್ಬರಿದ್ದಾರೆ. ಅವರ ಊರ ವಾಡಿಕೆಯಂತೆ ನಾವೂ ಅವರನ್ನು ಬಾಯಮ್ಮ ಎಂದೇ ಕರೆಯುವುದು. ಪ್ರತಿ ವರ್ಷ ಡಿಸೆಂಬರ್ 24ರ ಸಂಜೆ ಅವರ ಮನೆಯಿಂದ ಕಸೂತಿ ಬಟ್ಟೆ ಮುಚ್ಚಿದ ಸ್ಟೀಲಿನ ತಟ್ಟೆಯೊಂದು ನಮ್ಮ ಮನೆಗೆ ಬರುತ್ತದೆ. ತಟ್ಟೆಯ ತುಂಬ ಕುಸ್ವಾರ್: ನೆವ್ರಿ, ಹೂವಿನ ಆಕಾರದ ಕೊಕ್ಕಿಸಾಂ, ಅಕ್ಕಿಹಿಟ್ಟು ತೆಂಗಿನ ಹಾಲಿನ ಗುಳಿಯೊ, ಬಾಚಣಿಗೆಯ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡಿ ಕರಿದ ಕಿಡಿಯೊ, ಜೊತೆಗೆ ಒಂದು ತುಂಡು ಕೇಕು. ಕಿಡಿಯೊ ಒತ್ತಲು ನಮ್ಮ ಮಗಳೂ ಅವರ ಮನೆಗೆ ಹೋಗಿ ಕೂಡುತ್ತಾಳೆ.

ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಅವ್ವ ಕಲಿಸಿದ ಪಾಠ. ಹಿಂದೆಲ್ಲ ಅದರಲ್ಲಿ ಸಕ್ಕರೆಯನ್ನೋ ನಾಲ್ಕು ಉಂಡೆಯನ್ನೋ ಇಟ್ಟು ಕೊಡುತ್ತಿದ್ದೆವು. ಹೋದ ವರ್ಷ ಮಾತ್ರ ನಮಗೆ ದೊಡ್ಡಸ್ತಿಕೆಯ ಬುದ್ಧಿ ಬಂತು. ಇಷ್ಟು ವರ್ಷ ಅವರ ಕುಸ್ವಾರ್ ತಿಂದಿದ್ದೇವೆ, ಈ ಸಲ ಏನಾದರೂ “ಚೆನ್ನಾಗಿರುವುದು” ಕೊಡೋಣವೆಂದು ಪೇಟೆಗೆ ಹೋದೆವು. ಬಂಗಾರದ ಬಣ್ಣದ ಬುಟ್ಟಿ. ಅದರೊಳಗೆ ಕಾಗದದ ಎಳೆಗಳ ಹಾಸಿಗೆ. ಹಾಸಿಗೆಯ ಮೇಲೆ ಒಂದು ಮಗ್ಗು, ಒಂದು ಪರಿಮಳದ ಮೇಣದ ಬತ್ತಿ, ಎಂಟು ಚಾಕಲೇಟು. ಸುತ್ತಲೂ ಗರಿಗರಿ ಪ್ಲಾಸ್ಟಿಕ್ ಹಾಳೆ, ತಲೆಯ ಮೇಲೆ ಕೆಂಪು ರಿಬ್ಬನ್. ಬೆಲೆ 1,200 ರೂಪಾಯಿ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಹಾಳೆಯ ಒಂದು ಮೂಲೆ ಹರಿಯಿತು. ಮನೆಗೆ ಬಂದು ಅದಕ್ಕೆ ಹಸಿರು ಟೇಪು ಹಚ್ಚಿ, ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಬಾಯಮ್ಮನವರ ಕೈಗಿತ್ತೆವು. ಅವರೂ “ಅಯ್ಯೊ, ಇದೆಲ್ಲ ಎಂತಕ್ಕೆ?” ಎಂದು ನಕ್ಕು ತೆಗೆದುಕೊಂಡರು.

ಮಾರ್ಚ್ ತಿಂಗಳಲ್ಲಿ, ಯುಗಾದಿ ಹತ್ತಿರ ಬಂದಾಗ, ನಮ್ಮ ಮದುವೆಯ ವಾರ್ಷಿಕ ದಿನ ಕೆಳಗಿನ ಮಹಡಿಯ ಕುಟುಂಬ ಶುಭಾಶಯ ಹೇಳಲು ಬಂತು. ಅವರ ಕೈಯಲ್ಲಿ ಒಂದು ಬುಟ್ಟಿ. ಬಂಗಾರದ ಬಣ್ಣದ್ದು. ಮೂಲೆಯಲ್ಲಿ ಹಸಿರು ಟೇಪು! ನಮ್ಮ ಮನೆಯವರು ನಮ್ಮ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು. ಬಂದವರು ಹೋದ ಮೇಲೆ ಬಿಚ್ಚಿ ನೋಡಿದರೆ ಚಾಕಲೇಟಿನ ಅವಧಿ ಫೆಬ್ರವರಿಗೇ ಮುಗಿದಿತ್ತು. ಮೂರು ತಿಂಗಳಲ್ಲಿ ಆ ಬುಟ್ಟಿ ಎಷ್ಟು ಮನೆಯ ಹೊಸ್ತಿಲು ತುಳಿದಿತ್ತೋ ದೇವರೇ ಬಲ್ಲ. ಒಬ್ಬರೂ ಅದನ್ನು ಬಿಚ್ಚಿರಲಿಲ್ಲ.

ಬಾಯಮ್ಮನವರ ಮುಂದೆ ಈ ಕಥೆ ಹೇಳಿದಾಗ ಅವರಿಗೆ ನಾಚಿಕೆಯಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಂತ ಮಾಡುವುದು ಮಾರಾಯ್ರೆ, ಅದನ್ನು ಎಲ್ಲಿ ಇಡುವುದು? ಈ ಮನೆಯಲ್ಲಿ ನನಗೇ ಜಾಗ ಇಲ್ಲ. ನೀವು ಮೊದಲು ಕೊಡ್ತಿದ್ದ ಶೇಂಗಾ ಹೋಳಿಗೆಯೇ ಒಳ್ಳೆದಿತ್ತು” ಎಂದರು.

ಇಷ್ಟಾದರೆ ನಗುವಿನ ಮಾತಾಗಿ ಮುಗಿಯುತ್ತಿತ್ತು. ಆದರೆ ನಗಲಾಗದ ಇನ್ನೊಂದು ಸಂಗತಿ ಇದಕ್ಕೆ ಅಂಟಿಕೊಂಡಿದೆ. ಅದೇ ಡಿಸೆಂಬರಿನಲ್ಲಿ ಹೊಸ ಮರ, ದೀಪದ ಸರ, ಶಾಲೆಯ ಉಡುಗೊರೆ, ಕಚೇರಿಯ ಉಡುಗೊರೆ, “ಒಂದು ಕೊಂಡರೆ ಒಂದು ಉಚಿತ” ಎಂಬ ಉಡುಪುಗಳು, ಹೀಗೆ ಕೈ ಬಿಚ್ಚಿದ್ದೆವು. ಜನವರಿಯಲ್ಲಿ ಲೆಕ್ಕದ ಪುಸ್ತಕ ಕೂಡಿಸಿದಾಗ ಒಂಬತ್ತು ಸಾವಿರ ದಾಟಿತ್ತು. ಅದೇ ವಾರ ನಮ್ಮ ಮನೆಗೆಲಸಕ್ಕೆ ಬರುವ ಮಾವಶಿ ಮಗಳ ಶಾಲೆಯ ಶುಲ್ಕಕ್ಕೆಂದು ಮೂರು ಸಾವಿರ ಮುಂಗಡ ಕೇಳಿದರು. ನಾವು “ಈ ತಿಂಗಳು ಕೈ ಬಿಗಿ, ಮುಂದಿನ ತಿಂಗಳು ನೋಡೋಣ” ಎಂದೆವು. ಅವರು ಏನೂ ಅನ್ನದೆ ಪಾತ್ರೆ ತೊಳೆದು ಹೋದರು. ಯಾರಿಗೂ ಬೇಡವಾದ ಬುಟ್ಟಿಗೆ ಹಣವಿತ್ತು, ಬೇಕಾದವರಿಗೆ ಇರಲಿಲ್ಲ. ಹಸಿರು ಟೇಪಿನ ಬುಟ್ಟಿ ಮನೆಗೆ ಮರಳಿ ಬಂದ ದಿನ ನಮಗೆ ನೆನಪಾದದ್ದು ಆ ಮೂರು ಸಾವಿರ.

ಅಂದಿನಿಂದ ನಾವು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಹಬ್ಬಕ್ಕೆಂದು ಏನನ್ನು ಕೈಗೆತ್ತಿಕೊಂಡರೂ ಬೆಲೆ ಕೇಳುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ: “ಬರುವ ಯುಗಾದಿಗೆ ಇದು ಎಲ್ಲಿರುತ್ತದೆ?” ಹೊಟ್ಟೆಯಲ್ಲಿ ಕರಗಿರುತ್ತದೆಯೆ? ಯಾರಾದರೂ ತೊಟ್ಟಿರುತ್ತಾರೆಯೆ, ಓದಿರುತ್ತಾರೆಯೆ, ಅದರೊಡನೆ ಆಡಿರುತ್ತಾರೆಯೆ? ಇಲ್ಲವೆ ಅಟ್ಟದ ಮೇಲೋ ಕಸದ ರಾಶಿಯಲ್ಲೋ ಬಿದ್ದಿರುತ್ತದೆಯೆ? ಉತ್ತರ ಸಿಗದ ವಸ್ತುವನ್ನು ಅಲ್ಲೇ ಇಟ್ಟು ಬರುತ್ತೇವೆ.

ಕಸದ ರಾಶಿ ಎಂದೆವು. ನಾವು ಬಾಗಿಲ ಹೊರಗಿಟ್ಟ ಕಸ ಬೆಳಗಾಗುವುದರೊಳಗೆ ಮಾಯವಾಗುತ್ತದೆ. ಮಾಯವಾದದ್ದು ಇಲ್ಲವಾಯಿತೆಂದು ನಾವು ನೆಮ್ಮದಿಯಾಗಿರುತ್ತೇವೆ. ಅದು ಹೋಗುವುದು ಮತ್ತೊಬ್ಬರ ಮನೆಯ ಹಿಂದಕ್ಕೆ. ದೇವನಾರಿನಲ್ಲಿ 1927ರಿಂದ ಮುಂಬಯಿಯ ಕಸ ಸುರಿದು ಸುರಿದು ಗುಡ್ಡಗಳೇ ಎದ್ದವು. 2016ರ ಜನವರಿ ಕೊನೆಯಲ್ಲಿ ಆ ಗುಡ್ಡಕ್ಕೆ ಬೆಂಕಿ ಹತ್ತಿ, ದಿನಗಟ್ಟಲೆ ಹೊಗೆಯೆದ್ದು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಚೆಂಬೂರು, ಗೋವಂಡಿಯ ಕಡೆ ಇರುವ ನಮ್ಮ ಓದುಗರಿಗೆ ಅದರ ವಾಸನೆ ಇನ್ನೂ ನೆನಪಿರಬಹುದು. ನಮ್ಮ ಮಾವಶಿಯ ಮನೆಯಿರುವುದೂ ಗೋವಂಡಿಯಲ್ಲೇ. ಆ ವಾರವೆಲ್ಲ ಅವರ ಕೂಸು ಕೆಮ್ಮಿತ್ತು. ನಾವು ಬಿಚ್ಚಿ ಬಿಸಾಡುವ ಮಿರುಗುವ ಹಾಳೆಯ ದಾರಿ ಯಾವುದೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಲೆಕ್ಕ ನಮಗೆ ಬೇಕಾಗಲಿಲ್ಲ.

ಹಬ್ಬವೆಂದರೆ ಕೊಳ್ಳುವುದು ಎಂಬ ಮಾತನ್ನು ನಮಗೆ ಕಲಿಸಿದ್ದು ಕ್ರೈಸ್ತರಲ್ಲ, ಪೇಟೆ. ಕ್ರಿಸ್ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳ ಅವಧಿಯನ್ನು ಅವರು ಆಗಮನ ಕಾಲ ಎನ್ನುತ್ತಾರೆ. ಪಾದ್ರಿಗಳು ನೇರಳೆ ಬಣ್ಣದ ಉಡುಪು ತೊಡುವ, ಮನಸ್ಸನ್ನು ಅಣಿಮಾಡಿಕೊಂಡು ಕಾಯುವ ಕಾಲ ಅದು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಹಬ್ಬಕ್ಕೆ ಇಷ್ಟೊಂದು ಬಂಗಾರದ ಹಾಳೆ ಏಕೆ ಎಂದು ಬಾಯಮ್ಮನವರೇ ಕೇಳುತ್ತಾರೆ. ಅವರ ಮನೆಯ ಹಬ್ಬ ನೋಡಿದರೆ ನಮಗೆ ಕಲಿಯಲು ಬೇಕಾದಷ್ಟಿದೆ.

ಮೊದಲು ಗೋದಲಿ, ಅಂದರೆ ಕೊಟ್ಟಿಗೆಯ ಅಲಂಕಾರ. ಪೇಟೆಯಲ್ಲಿ ಅದಕ್ಕೆ ಥರ್ಮೋಕೋಲಿನ ಗುಡ್ಡ, ಥರ್ಮೋಕೋಲಿನ ಹಿಮ ಮಾರುತ್ತಿದ್ದರು. ಅಲಂಕಾರದ ಥರ್ಮೋಕೋಲು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟ ಚಮಚ, ಮಿಠಾಯಿ ಡಬ್ಬಿಗೆ ಸುತ್ತುವ ತೆಳು ಹಾಳೆ, ಇವೂ ಅದೇ ಪಟ್ಟಿಯಲ್ಲಿವೆ. ಅಂಗಡಿಯವನು ಮೇಜಿನ ಕೆಳಗಿನಿಂದ ತೆಗೆದುಕೊಟ್ಟರೂ ನಾವು ಬೇಡವೆನ್ನಬಹುದು. ಬಾಯಮ್ಮನವರು ಬಿದಿರ ಕಡ್ಡಿ, ಒಣಹುಲ್ಲು, ಮಣ್ಣಿನ ಬೊಂಬೆಗಳಿಂದಲೇ ಗೋದಲಿ ಕಟ್ಟುತ್ತಾರೆ. ಬೊಂಬೆಗಳು ಅವರ ಅತ್ತೆಯ ಕಾಲದವು. ಒಂದು ಕುರಿಗೆ ಕಿವಿಯಿಲ್ಲ. ಹಬ್ಬಕ್ಕೆ ಹತ್ತು ದಿನವಿರುವಾಗ ಪುಟ್ಟ ಬಟ್ಟಲುಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಎಳೆಯ ಹಸಿರು ಪೈರು. ನವರಾತ್ರಿಯ ಘಟ್ಟದಲ್ಲಿ ಧಾನ್ಯ ಬೆಳೆಸುವ ನಮಗೆ ಅದನ್ನು ನೋಡಿದರೆ ಗುರುತಿನವರನ್ನು ಕಂಡಂತಾಗುತ್ತದೆ.

ನಕ್ಷತ್ರವೂ ಹಾಗೆಯೇ. ಬಿದಿರ ಸೀಳಿಗೆ ಗಾಳಿಪಟದ ಕಾಗದ ಹಚ್ಚಿ, ಒಳಗೆ ದೀಪವಿಟ್ಟು ಕರಾವಳಿಯ ಹುಡುಗರು ತಾವೇ ನಕ್ಷತ್ರ ಕಟ್ಟುತ್ತಿದ್ದರು. ಮುಂಬಯಿಯ ಮಕ್ಕಳಿಗೆ ಆಕಾಶಬುಟ್ಟಿ ಮಾಡಲು ಬರುತ್ತದೆ. ಐದು ಮೂಲೆ ಕೂಡಿಸಿದರೆ ಅದೇ ನಕ್ಷತ್ರ. ಕಾಗದ ಹರಿದರೆ ಮುಂದಿನ ವರ್ಷ ಕಾಗದ ಮಾತ್ರ ಬದಲಿಸಿದರಾಯಿತು. ಒಳಗಿನ ದೀಪಕ್ಕೆ ಎಲ್‌ಇಡಿ ಸಾಕು. 9 ವ್ಯಾಟಿನ ಎಲ್‌ಇಡಿ ಹಳೆಯ 60 ವ್ಯಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ. ದೀಪದ ಸರ ಹತ್ತಲಿಲ್ಲವೆಂದು ಎಸೆದು ಹೊಸದು ತರುವ ಮುನ್ನ ಬೀದಿಯ ವಿದ್ಯುತ್ ಕೆಲಸದವನಿಗೆ ತೋರಿಸಿ. ನಾವು ತೋರಿಸಿದ ಸರದಲ್ಲಿ ಬಿಟ್ಟುಹೋಗಿದ್ದದ್ದು ಒಂದೇ ಬೆಸುಗೆ.

ಇನ್ನು ಮರದ ವಿಚಾರ. ಪ್ಲಾಸ್ಟಿಕ್ ಮರವನ್ನು ರದ್ದಿಯವನು ಕೊಳ್ಳುವುದಿಲ್ಲ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆಯ ಲೆಕ್ಕದಂತೆ ಎರಡು ಮೀಟರ್ ಎತ್ತರದ ಅಂಥ ಮರವೊಂದರಿಂದ ಸುಮಾರು 40 ಕಿಲೋದಷ್ಟು ಇಂಗಾಲದ ಅನಿಲದ ಹೊರೆ ಬೀಳುತ್ತದೆ. ಹಾಗೆಂದು ಮನೆಯಲ್ಲಿರುವುದನ್ನು ಇಂದೇ ಎಸೆಯುವುದು ಎರಡನೆಯ ತಪ್ಪಾದೀತು. ಇದ್ದವರು ಅದನ್ನು ಒರೆಸಿ, ಕೊಂಬೆ ನೆಟ್ಟಗೆ ಮಾಡಿ, ಹತ್ತು ವರ್ಷಕ್ಕೂ ಹೆಚ್ಚು ಬಳಸಲಿ. ಇಲ್ಲದವರು ಕೊಳ್ಳುವುದು ಬೇಡ. ನರ್ಸರಿಯಲ್ಲಿ “ಕ್ರಿಸ್ಮಸ್ ಗಿಡ” ಎಂದು ಕೇಳಿದರೆ ಕುಂಡದಲ್ಲಿ ಬೆಳೆದ ಅರೌಕೇರಿಯಾ ಕೊಡುತ್ತಾರೆ. ದಕ್ಷಿಣ ಪೆಸಿಫಿಕ್ಕಿನ ದ್ವೀಪಗಳ ಈ ಗಿಡ ನಮ್ಮ ಬಾಲ್ಕನಿಯಲ್ಲೂ ಬದುಕುತ್ತದೆ. ಅದೂ ಬೇಡವೆಂದರೆ ಮನೆಯಲ್ಲಿರುವ ಕರಿಬೇವಿನ ಕುಂಡಕ್ಕೇ ನಾಲ್ಕು ಬಣ್ಣದ ಕಾಗದ ಕಟ್ಟಿ. ಮಕ್ಕಳು ಅದಕ್ಕೂ ಅಷ್ಟೇ ಕುಣಿಯುತ್ತಾರೆ.

ಉಡುಗೊರೆಯ ಮಾತಿಗೆ ಬರೋಣ. ಮಕ್ಕಳ ಶಾಲೆಗಳಲ್ಲಿ “ಸೀಕ್ರೆಟ್ ಸ್ಯಾಂಟಾ” ಎಂಬ ಆಟವಿದೆ. ಚೀಟಿ ಎತ್ತಿ, ಬಂದ ಹೆಸರಿನವರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕು. ಹೋದ ವರ್ಷ ನಮ್ಮ ಮಗಳಿಗೆ ಬಂದ ಪ್ಲಾಸ್ಟಿಕ್ ಮೋಟಾರು ಅಂದು ಸಂಜೆಯೇ ಎರಡು ತುಂಡಾಯಿತು. ಅವಳು ಅತ್ತಳು. ಅವಳು ಕೊಟ್ಟದ್ದೂ ಅಂಥದ್ದೇ ಆಗಿದ್ದರಿಂದ ನಾವು ಬೇರೆಯವರನ್ನು ದೂರುವಂತಿರಲಿಲ್ಲ.

ಆಟಿಕೆ ಕೊಳ್ಳುವುದಾದರೆ ಒಂದು ಸಂಗತಿ ತಿಳಿದಿರಲಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿಲ್ಲದ ಅಗ್ಗದ ಮಾಲಿನ ಬಣ್ಣದಲ್ಲಿ ಏನಿದೆಯೆಂದು ಹೇಳುವವರಿಲ್ಲ. ನೋಂದಾಯಿತ ಕರಕುಶಲಿಗರು ಮಾಡಿದ ಆಟಿಕೆಗಳಿಗೆ ಈ ನಿಯಮದಿಂದ ವಿನಾಯಿತಿ ಉಂಟು. ನಮ್ಮ ನಾಡಿನಲ್ಲಿ ಚನ್ನಪಟ್ಟಣವಿದೆ, ಕೊಪ್ಪಳ ಜಿಲ್ಲೆಯ ಕಿನ್ನಾಳವಿದೆ. ಚನ್ನಪಟ್ಟಣದವರು ಹಗುರವಾದ ಆಲೆಮರವನ್ನು ತಿರುಗಣೆಗೆ ಕಟ್ಟಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಲ್ಲಿಯ ಒಂದು ಬುಗುರಿ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅವನ ಮಗನಿಗೆ ಬಂದ ಮನೆಗಳನ್ನು ನಾವು ಕಂಡಿದ್ದೇವೆ. ಊರಿನಿಂದ ಬರುವ ನೆಂಟರಿಗೆ “ಏನು ತರಲಿ?” ಎಂದು ಕೇಳುವ ಅಭ್ಯಾಸವುಂಟಲ್ಲ, ಈ ಸಲ ನಾಲ್ಕು ಬುಗುರಿ ತರಹೇಳಿ. ಕೊಂಡ ಹಣ ಮಾಡಿದ ಕೈಗೆ ಹೋಗುತ್ತದೆ.

ದೊಡ್ಡವರಿಗೆ ಕೊಡುವುದಾದರೆ ಪುಸ್ತಕ ಕೊಡಿ. ಕೈಮಗ್ಗದ ಟವೆಲು, ಗೋಕಾಕದ ಕರದಂಟು, ಮನೆಯ ಉಪ್ಪಿನಕಾಯಿ ಇವೆಲ್ಲ ಖರ್ಚಾಗುವ, ಬಳಕೆಯಾಗುವ ವಸ್ತುಗಳು. ಹಣವೇ ಬೇಡದ ಉಡುಗೊರೆಯೂ ಉಂಟು. ಒಂಟಿಯಾಗಿರುವ ನೆರೆಯವರನ್ನು ಒಂದು ದಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುವುದು, ಅವರ ಫೋನಿನಲ್ಲಿ ದೂರದ ಮಗನ ಮುಖ ಕಾಣುವಂತೆ ಮಾಡಿಕೊಡುವುದು. ಇದರ ಬೆಲೆಯ ಚೀಟಿಯನ್ನು ಯಾರೂ ಕೆರೆಯಬೇಕಾಗಿಲ್ಲ.

ಸುತ್ತುವ ಕಾಗದಕ್ಕೊಂದು ಸುಲಭ ಪರೀಕ್ಷೆಯಿದೆ. ಕೈಯಲ್ಲಿ ಮುದುಡಿ ಉಂಡೆ ಮಾಡಿ ಬಿಡಿ. ಉಂಡೆಯಾಗಿಯೇ ಉಳಿದರೆ ಅದು ಕಾಗದ. ತಾನಾಗಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ, ರದ್ದಿಗೆ ನಡೆಯದು. ಮಿನುಗುವ ಪುಡಿ ಹಚ್ಚಿದ್ದಂತೂ ಬೇಡವೇ ಬೇಡ. ಆ ಪುಡಿ ಬಹುಮಟ್ಟಿಗೆ ಸಣ್ಣ ಸಣ್ಣ ಪ್ಲಾಸ್ಟಿಕ್ ಚೂರು. ತೊಳೆದ ನೀರಿನೊಡನೆ ಸಮುದ್ರ ಸೇರುತ್ತದೆ. ಐರೋಪ್ಯ ಒಕ್ಕೂಟದವರು ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನು 2023ರ ಅಕ್ಟೋಬರಿನಿಂದ ತಡೆದಿದ್ದಾರೆ. ಕನ್ನಡ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಸುತ್ತಿ ದಾರ ಕಟ್ಟಿದರೆ ಕಡಿಮೆಯೇನಾಗದು. ಹಳೆಯ ಸೀರೆಯ ಸೆರಗಿನಲ್ಲಿ ಹೊಲಿದ ಚೀಲವಾದರೆ ಚೀಲವೂ ಉಡುಗೊರೆ. ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಕೈಚೀಲ 2018ರಿಂದಲೇ ನಿಷಿದ್ಧವಾದ್ದರಿಂದ ಪೇಟೆಗೆ ಹೋಗುವವರಿಗೆ ಅಂಥ ಚೀಲ ಹೇಗೂ ಬೇಕು.

ಉಡುಪಿನ ಬಗ್ಗೆ ಒಂದೇ ಮಾತು. ಒಂದು ಹತ್ತಿಯ ಅಂಗಿಯ ಹಿಂದೆ, ಬೆಳೆಯಿಂದ ಹೊಲಿಗೆಯವರೆಗೆ, ಸರಾಸರಿ 2,500 ಲೀಟರ್ ನೀರು ಖರ್ಚಾಗಿರುತ್ತದೆಂದು ತಜ್ಞರ ಅಂದಾಜು. ಉಚಿತವಾಗಿ ಬಂದ ಎರಡನೆಯ ಅಂಗಿಯ ಹಿಂದೆಯೂ ಅಷ್ಟೇ ನೀರು. ಬೇಕಾದದ್ದು ಒಂದಾದರೆ ಒಂದನ್ನೇ ತನ್ನಿ. ಫೋನಿನಲ್ಲಿ ತರಿಸುವವರು ದಿನಕ್ಕೊಂದು ಸಾಮಾನು ಕೇಳದೆ, ಪಟ್ಟಿ ಮಾಡಿ ಒಮ್ಮೆಗೇ ಕೇಳಿದರೆ ಡಬ್ಬಿಯೂ ಉಳಿಯಿತು, ತಂದುಕೊಡುವ ಹುಡುಗನ ಮೆಟ್ಟಿಲೂ ಉಳಿಯಿತು. “ಈಗ ಕೊಳ್ಳಿ, ಕಂತಿನಲ್ಲಿ ಕೊಡಿ” ಎಂಬ ಮಾತಿಗೆ ಮರುಳಾಗಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮುಂಬಯಿಯ ಮನೆಗಳಲ್ಲಿ ಅಕ್ಷರಶಃ ನಿಜ.

ಈ ವರ್ಷ ನಮ್ಮ ಮನೆಯಲ್ಲಿ ನವೆಂಬರಿನಲ್ಲೇ ಚೀಟಿ ಬರೆದಿದ್ದೇವೆ. ಮೊದಲು ಅಟ್ಟದ ಪೆಟ್ಟಿಗೆ ಇಳಿಸಿ ಇರುವುದನ್ನು ಎಣಿಸಿದೆವು: ದೀಪದ ಸರ ಎರಡು, ಮರ ಒಂದು, ಗಂಟೆಗಳು ಹದಿನಾಲ್ಕು. ಕೊಳ್ಳಬೇಕಾದದ್ದು ಗಾಳಿಪಟದ ಕಾಗದ ಮಾತ್ರ. ಮಗಳು ಎತ್ತಿದ ಚೀಟಿಯಲ್ಲಿ ಬಂದ ಹುಡುಗಿಗೆ ಬುಗುರಿ. ಸುತ್ತಲು ಪುರವಣಿಯ ಚಿತ್ರದ ಪುಟವನ್ನು ಅವಳೇ ಆರಿಸಿದ್ದಾಳೆ. ಬಾಯಮ್ಮನವರ ತಟ್ಟೆಗೆ ಶೇಂಗಾ ಹೋಳಿಗೆ. ಎಂಟು ದಿನ ಕೆಡದೆ ಇರುತ್ತದೆ, ಆದರೆ ಅವರ ಮನೆಯಲ್ಲಿ ಎರಡು ದಿನವೂ ಉಳಿಯುವುದಿಲ್ಲ. ಚೀಟಿಯ ಮೊದಲ ಸಾಲಿನಲ್ಲಿ ಮಾವಶಿಯ ಮಗಳ ಶುಲ್ಕ ಮೂರು ಸಾವಿರ ಎಂದು ಬರೆದು, ಆ ಹಣವನ್ನು ಲಕೋಟೆಯಲ್ಲಿ ಹಾಕಿ ಕೊಟ್ಟಾಗಿದೆ. ಮುಂಗಡವೆಂದಲ್ಲ. ಆ ಜನವರಿಯಲ್ಲಿ ಅವರು ಯಾರ ಬಳಿ ಸಾಲ ತಂದರೋ ನಾವು ಕೇಳಿಲ್ಲ. ಕೇಳಲು ಬಾಯಿ ಬರಲಿಲ್ಲ.

ಹಸಿರು ಟೇಪಿನ ಬುಟ್ಟಿ ಇನ್ನೂ ನಮ್ಮಲ್ಲೇ ಇದೆ. ಹಾಳೆ ಬಿಚ್ಚಿ, ಅದರಲ್ಲಿ ಈರುಳ್ಳಿ ಹಾಕಿಟ್ಟಿದ್ದೇವೆ. ಮಗ್ಗು ಯಾರಿಗಾದರೂ ಬೇಕಿದ್ದರೆ ಸಂಘದ ಕಚೇರಿಯಲ್ಲಿ ವಿಚಾರಿಸಬಹುದು. ಚೆನ್ನೈ, ಹೈದರಾಬಾದು, ಪುಣೆ, ದಿಲ್ಲಿಯ ಸಹೋದರಿಯರು ತಮ್ಮ ನೆರೆಯವರ ಹಬ್ಬಕ್ಕೆ ತಟ್ಟೆಯಲ್ಲಿ ಏನಿಡುತ್ತಾರೆಂದು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಹಂಚಿಕೊಳ್ಳುತ್ತೇವೆ. ಕ್ರಿಸ್ಮಸ್ ಆಚರಿಸುವ ಬಂಧುಗಳಿಗೆಲ್ಲ ನಮ್ಮ ಹಬ್ಬದ ಶುಭಾಶಯಗಳು. ಯುಗಾದಿಗೆ ಮತ್ತೆ ಕಾಣೋಣ.